ಮಿದುಳಿನ ಸಾವನ್ನು ಸ್ಕ್ಯಾನ್ ತೋರಿಸಬಲ್ಲದೇ?

ಪ್ರಶ್ನೆ: ಕಳೆದ ವರ್ಷ ನನ್ನ ತಮ್ಮ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ. ಸೇರಿದ ರಾತ್ರಿಯೇ ಸಿ.ಟಿ. ಸ್ಕ್ಯಾನ್ ಮಾಡಿದರು. ಮೂರನೆಯ ದಿನ ‘ಬ್ರೇನ್ ಡೆತ್’ ಆಗಿದೆ ಎಂದರು. ಆರು ಗಂಟೆ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿದರು. ಎಂ.ಆರ್.ಐ. ಮಾಡಿ ತೋರಿಸಿ ಎಂದು ನಾವು ಕೇಳಿಕೊಂಡಾಗ ಅದರ ಅಗತ್ಯವಿಲ್ಲ ಎಂದರು. ಆದರೆ ಅದೇ ಐ.ಸಿ.ಯು.ನಲ್ಲಿದ್ದ ಇನ್ನೊಬ್ಬ ರೋಗಿಗೆ ಬಣ್ಣದ ಔಷಧಿ ಕೊಟ್ಟು ಸ್ಕ್ಯಾನ್ ಮಾಡಿದ ಮೇಲೆಯೇ ಹಾಗೆ ಹೇಳಿದರಂತೆ. ನಾವು ಅಂಗದಾನಕ್ಕೆ ಒಪ್ಪಿಗೆ ಕೊಟ್ಟೆವು, ಅದರ ಬಗ್ಗೆ ಪಶ್ಚಾತ್ತಾಪವಿಲ್ಲ. ಆದರೂ ಅಮ್ಮ ಇಂದಿಗೂ ‘ಕೈ ಬೆಚ್ಚಗಿತ್ತಲ್ಲ, ಬೆರಳು ಅಲ್ಲಾಡಿತಲ್ಲ, ಸ್ಕ್ಯಾನ್ ಮಾಡದೆ ಹೇಗೆ ಹೇಳಿದರು’ ಎಂದು ಕೇಳುತ್ತಾರೆ. ಇಬ್ಬರು ರೋಗಿಗಳಿಗೆ ಎರಡು ರೀತಿ ಏಕೆ? ಸ್ಕ್ಯಾನ್ ಮಾಡಿದ್ದರೆ ಹೆಚ್ಚು ಖಚಿತವಾಗುತ್ತಿರಲಿಲ್ಲವೇ?

ಉತ್ತರ: ನೀವು ಬರೆದಿರುವಷ್ಟನ್ನು ಆಧರಿಸಿ ಹೇಳುವುದಾದರೆ, ನಿಮ್ಮ ತಮ್ಮನಿಗೆ ಎಂ.ಆರ್.ಐ. ಮಾಡದೆ ಇದ್ದದ್ದು ಲೋಪವಲ್ಲ. ಇನ್ನೊಬ್ಬ ರೋಗಿಗೆ ಬಣ್ಣದ ಔಷಧಿ ಕೊಟ್ಟು ಸ್ಕ್ಯಾನ್ ಮಾಡಿದ್ದು ಹೆಚ್ಚಿನ ಮುತುವರ್ಜಿಯ ಗುರುತೂ ಅಲ್ಲ. ಸ್ಕ್ಯಾನ್ ಬೇಕಾಗುವುದು ಹಾಸಿಗೆಯ ಪಕ್ಕದಲ್ಲಿ ನಡೆಯುವ ಪರೀಕ್ಷೆಯನ್ನು ಪೂರ್ತಿಗೊಳಿಸಲು ಸಾಧ್ಯವಾಗದಿದ್ದಾಗ. ಇದನ್ನು ಒಪ್ಪಿಕೊಳ್ಳುವುದು ಕಷ್ಟವೆಂದು ನನಗೆ ಗೊತ್ತು. ಟಾರ್ಚು, ಹತ್ತಿಯ ಎಳೆ, ತಣ್ಣೀರು ಮತ್ತು ಒಂದು ರಕ್ತಪರೀಕ್ಷೆಯ ಬಲದ ಮೇಲೆ ವೈದ್ಯರು ಒಬ್ಬರ ಸಾವನ್ನು ನಿರ್ಧರಿಸುತ್ತಾರೆಂದರೆ, ಕೋಟ್ಯಂತರ ರೂಪಾಯಿಯ ಯಂತ್ರ ಅದೇ ಕಟ್ಟಡದ ಕೆಳಮಹಡಿಯಲ್ಲಿರುವಾಗ, ಯಾರಿಗಾದರೂ ಅನುಮಾನ ಬರುತ್ತದೆ. ಹಾಗಾಗಿ ಯಂತ್ರ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲಿಗೆ, ವೈದ್ಯರು ಸಾಬೀತುಪಡಿಸಬೇಕಾಗಿದ್ದದ್ದು ಏನು? 1994ರ ಮಾನವ ಅಂಗಾಂಗ ಕಸಿ ಕಾಯಿದೆ ಬಳಸುವ ಮಾತು ‘ಮಿದುಳು ಕಾಂಡದ ಸಾವು’. ಮಿದುಳು ಕಾಂಡವೆಂದರೆ ದೊಡ್ಡ ಮಿದುಳನ್ನು ಬೆನ್ನುಹುರಿಗೆ ಜೋಡಿಸುವ, ಹೆಬ್ಬೆರಳಿನ ಗಾತ್ರದ ಭಾಗ. ನಮ್ಮನ್ನು ಎಚ್ಚರವಾಗಿಡುವ ಜಾಲವೂ ಉಸಿರಾಟವನ್ನು ನಡೆಸುವ ಕೇಂದ್ರವೂ ಅಲ್ಲೇ ಇವೆ. ಕಣ್ಣಿನ ಪಾಪೆ, ರೆಪ್ಪೆ, ಮುಖ, ಗಂಟಲುಗಳ ಅನೈಚ್ಛಿಕ ಪ್ರತಿಕ್ರಿಯೆಗಳೆಲ್ಲ ಅದರ ಮೂಲಕವೇ ಹಾದುಹೋಗುತ್ತವೆ. ಆ ಕಾಂಡದ ಎಲ್ಲ ಕಾರ್ಯಗಳೂ ಶಾಶ್ವತವಾಗಿ, ಮರಳಿ ಬಾರದಂತೆ ನಿಂತುಹೋದ ಸ್ಥಿತಿಯನ್ನು ಕಾಯಿದೆ ಸಾವೆಂದು ಗುರುತಿಸುತ್ತದೆ. ಇಲ್ಲಿ ‘ಕಾರ್ಯ’ ಎಂಬ ಪದವನ್ನು ಗಮನಿಸಬೇಕು. ಸ್ಕ್ಯಾನ್ ತೋರಿಸುವುದು ಆಕಾರವನ್ನು, ಇಲ್ಲವೇ ರಕ್ತ ಹರಿಯುತ್ತಿದೆಯೇ ಎಂಬುದನ್ನು. ಕಾರ್ಯ ನಿಂತಿದೆಯೇ ಎಂಬುದನ್ನು ನೇರವಾಗಿ ಕೇಳಬಲ್ಲದ್ದು ದೈಹಿಕ ಪರೀಕ್ಷೆ ಮಾತ್ರ.

ಈ ಪರಿಕಲ್ಪನೆಯೇನೂ ಅಂಗ ಕಸಿಗಾಗಿ ನಮ್ಮಲ್ಲಿ ಹುಟ್ಟಿಕೊಂಡದ್ದಲ್ಲ. ವೆಂಟಿಲೇಟರ್ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, 1959ರಲ್ಲಿ, ಪ್ಯಾರಿಸ್ಸಿನ ಮೊಲಾರೆ ಮತ್ತು ಗುಲೋಂ ಎಂಬ ಇಬ್ಬರು ವೈದ್ಯರು ಕೋಮಾವನ್ನೂ ದಾಟಿದ ಒಂದು ಸ್ಥಿತಿಯನ್ನು ವರ್ಣಿಸಿದರು: ಯಂತ್ರದ ನೆರವಿನಿಂದ ಹೃದಯ ಬಡಿಯುತ್ತಿದೆ, ಆದರೆ ಮಿದುಳಿನಿಂದ ಯಾವ ಪ್ರತಿಕ್ರಿಯೆಯೂ ಇಲ್ಲ. 1968ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಮಿತಿ ಇದಕ್ಕೆ ಮಾನದಂಡಗಳನ್ನು ರೂಪಿಸಿತು. 1976ರಲ್ಲಿ ಬ್ರಿಟನ್ನಿನ ವೈದ್ಯಕೀಯ ರಾಯಲ್ ಕಾಲೇಜುಗಳು ಮಿದುಳು ಕಾಂಡವನ್ನೇ ಕೇಂದ್ರವಾಗಿಟ್ಟುಕೊಂಡು, ಯಂತ್ರಗಳ ಹಂಗಿಲ್ಲದ ದೈಹಿಕ ಪರೀಕ್ಷೆಯ ಕ್ರಮವನ್ನು ಹಾಕಿಕೊಟ್ಟವು. ಭಾರತದ ಕಾಯಿದೆ ಬಹುಮಟ್ಟಿಗೆ ಈ ಬ್ರಿಟಿಷ್ ಜಾಡಿನಲ್ಲೇ ನಡೆದಿದೆ. ನಮ್ಮ ನಿಯಮಗಳ ಪ್ರಕಾರ ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ, ಎರಡು ಬಾರಿ ಪರೀಕ್ಷಿಸಿ ಸಹಿ ಹಾಕಬೇಕು. ಸ್ಕ್ಯಾನ್ ಕಡ್ಡಾಯವೆಂದು ಅಲ್ಲಿ ಎಲ್ಲಿಯೂ ಹೇಳಿಲ್ಲ.

ಆ ಪರೀಕ್ಷೆಯಲ್ಲಿ ಏನು ನಡೆಯುತ್ತದೆಂದು ನಿಮ್ಮ ತಾಯಿಗೆ ಯಾರಾದರೂ ಕೂತು ಹೇಳಿದ್ದರೋ ಇಲ್ಲವೋ. ಕಣ್ಣಿಗೆ ಬೆಳಕು ಬಿಟ್ಟು ಪಾಪೆ ಕಿರಿದಾಗುವುದೇ ಎಂದು ನೋಡುತ್ತಾರೆ. ಕಣ್ಣುಗುಡ್ಡೆಯ ಮೇಲ್ಮೈಯನ್ನು ಹತ್ತಿಯಿಂದ ಮುಟ್ಟಿದಾಗ ರೆಪ್ಪೆ ಮಿಟುಕುವುದೇ, ತಲೆಯನ್ನು ಪಕ್ಕಕ್ಕೆ ತಿರುಗಿಸಿದಾಗ ಕಣ್ಣು ಚಲಿಸುವುದೇ, ಕಿವಿಯೊಳಗೆ ಮಂಜಿನಷ್ಟು ತಣ್ಣನೆಯ ನೀರು ಬಿಟ್ಟಾಗ ಕಣ್ಣು ಅತ್ತ ಸರಿಯುವುದೇ, ಶ್ವಾಸನಾಳದ ಕೊಳವೆಯೊಳಗೆ ನಳಿಕೆ ಇಳಿಸಿದಾಗ ಕೆಮ್ಮು ಬರುವುದೇ ಎಂದು ಒಂದೊಂದಾಗಿ ಪರೀಕ್ಷಿಸುತ್ತಾರೆ. ಕೊನೆಯದು ಆಪ್ನಿಯಾ ಪರೀಕ್ಷೆ. ಮೊದಲು ಶುದ್ಧ ಆಮ್ಲಜನಕ ತುಂಬಿಸಿ, ಶ್ವಾಸಕೋಶಕ್ಕೆ ಆಮ್ಲಜನಕ ಹರಿಯುತ್ತಲೇ ಇರುವಂತೆ ನೋಡಿಕೊಂಡು, ವೆಂಟಿಲೇಟರಿನಿಂದ ಬಿಡಿಸಿ, ಎದೆಯನ್ನೂ ಹೊಟ್ಟೆಯನ್ನೂ ದಿಟ್ಟಿಸುತ್ತಾ ಸುಮಾರು ಎಂಟು ಹತ್ತು ನಿಮಿಷ ನಿಲ್ಲುತ್ತಾರೆ. ಉಸಿರು ಇಲ್ಲದ್ದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಸಾಮಾನ್ಯವಾಗಿ 35ರಿಂದ 45 ಮಿ.ಮೀ. ಪಾದರಸದಷ್ಟಿರುವ ಅದರ ಒತ್ತಡ 60 ದಾಟಿದರೂ, ಅಥವಾ ಆರಂಭದ ಮಟ್ಟಕ್ಕಿಂತ 20ರಷ್ಟು ಏರಿದರೂ, ಒಂದೇ ಒಂದು ಉಸಿರಿನ ಪ್ರಯತ್ನ ಕಾಣದಿದ್ದರೆ ಉಸಿರಾಟದ ಕೇಂದ್ರ ಸತ್ತಿದೆಯೆಂದು ತೀರ್ಮಾನ. ಉಸಿರಾಟದ ಕೇಂದ್ರಕ್ಕೆ ಇದಕ್ಕಿಂತ ಬಲವಾದ ಪ್ರಚೋದನೆ ಇಲ್ಲ. ಇಲ್ಲಿ ಕೇಳುತ್ತಿರುವ ಪ್ರಶ್ನೆಯನ್ನು ಯಾವ ಎಂ.ಆರ್.ಐ. ಯಂತ್ರವೂ ಕೇಳಲಾರದು.

ಹಾಗಿದ್ದರೆ ಸ್ಕ್ಯಾನಿಗೆ ಪಾತ್ರವೇ ಇಲ್ಲವೇ ಎಂದರೆ, ಇದೆ, ಮತ್ತು ಒಂದಲ್ಲ, ಎರಡು. ಇವೆರಡನ್ನು ಬೆರೆಸಿಕೊಳ್ಳುವುದರಿಂದಲೇ ಬಹುಪಾಲು ಗೊಂದಲ ಹುಟ್ಟುತ್ತದೆ.

ಮೊದಲನೆಯ ಪಾತ್ರವನ್ನು ನಿಮ್ಮ ತಮ್ಮನಿಗೆ ಸೇರಿದ ರಾತ್ರಿಯೇ ಮಾಡಿದ ಸಾಮಾನ್ಯ ಸಿ.ಟಿ. ನಿರ್ವಹಿಸಿದೆ. ದೈಹಿಕ ಪರೀಕ್ಷೆಗೆ ಕೈ ಹಾಕುವ ಮೊದಲು ವೈದ್ಯರಿಗೆ ಕಾರಣ ಗೊತ್ತಿರಬೇಕು, ಆ ಕಾರಣ ಇಷ್ಟು ದೊಡ್ಡ ಹಾನಿಗೆ ಸಾಲುವಂಥದ್ದಾಗಿರಬೇಕು. ತಲೆಬುರುಡೆಯೊಳಗೆ ದೊಡ್ಡ ರಕ್ತಸ್ರಾವ, ಇಡೀ ಮಿದುಳಿನ ಊತ, ಮಿದುಳಿನ ಸುರುಳಿಗಳ ನಡುವಿನ ಗೆರೆಗಳು ಅಳಿಸಿಹೋಗಿರುವುದು, ಬುಡದಲ್ಲಿ ದ್ರವವಿರುವ ತಾಣಗಳು ಮುಚ್ಚಿಹೋಗಿರುವುದು, ಮಿದುಳು ಕೆಳಕ್ಕೆ ಒತ್ತಲ್ಪಟ್ಟು ಕಾಂಡವನ್ನು ಅದುಮುತ್ತಿರುವುದು – ಇವನ್ನು ಸಿ.ಟಿ. ಸ್ಪಷ್ಟವಾಗಿ ತೋರಿಸುತ್ತದೆ. ಇವು ಕಂಡ ಮಾತ್ರಕ್ಕೆ ಸಾವು ಸಾಬೀತಾಗುವುದಿಲ್ಲ; ಇಂಥ ಸಿ.ಟಿ. ಇದ್ದೂ ಶಸ್ತ್ರಚಿಕಿತ್ಸೆಯಿಂದ ಬದುಕಿದವರಿದ್ದಾರೆ. ಹಾನಿ ಆ ಪ್ರಮಾಣದ್ದು ಎಂಬುದಷ್ಟೇ ಅಲ್ಲಿಂದ ತಿಳಿಯುವುದು.

ನನ್ನ ಮಟ್ಟಿಗೆ, ಈ ವಿಷಯದಲ್ಲಿ ಚಿತ್ರಣದ ಅತಿ ಮುಖ್ಯ ಉಪಯೋಗ ಇದರ ವಿರುದ್ಧ ದಿಕ್ಕಿನಲ್ಲಿದೆ. ರೋಗಿಯ ಪಾಪೆ ಹಿಗ್ಗಿದೆ, ಕೆಮ್ಮಿಲ್ಲ, ಉಸಿರಿಲ್ಲ, ಆದರೆ ಸಿ.ಟಿ. ಸಹಜವಾಗಿದೆ ಎಂದರೆ ವೈದ್ಯರು ಅಲ್ಲೇ ನಿಲ್ಲಬೇಕು. ನಮ್ಮ ನಾಡಿನಲ್ಲಿ ಇದಕ್ಕೆ ತೀರಾ ಪರಿಚಿತ ಕಾರಣವೊಂದಿದೆ: ಹಾವು ಕಡಿತ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಹೆಚ್ಚಾಗಿ ಕಡಿಯುತ್ತದೆ. ನೋವು ಅಷ್ಟಕ್ಕಷ್ಟೆ, ಹಲ್ಲಿನ ಗುರುತು ಕಾಣದೆಯೂ ಇರಬಹುದು. ಅದರ ವಿಷ ನರ ಮತ್ತು ಸ್ನಾಯು ಸೇರುವ ಜಾಗದಲ್ಲಿ ಸಂದೇಶವನ್ನು ತಡೆಯುತ್ತದೆ. ಬೆಳಗಿನ ಹೊತ್ತಿಗೆ ರೆಪ್ಪೆ ಎತ್ತಲಾಗದು, ಪಾಪೆ ಹಿಗ್ಗಿ ನಿಂತಿರುತ್ತದೆ, ಕೈಕಾಲು ಆಡುವುದಿಲ್ಲ, ಉಸಿರು ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಮಿದುಳು ಸತ್ತವರಿಗೂ ಇವರಿಗೂ ವ್ಯತ್ಯಾಸವೇ ತಿಳಿಯದು, ಆದರೆ ಒಳಗೆ ಮಿದುಳು ಪೂರ್ತಿ ಎಚ್ಚರವಾಗಿರಬಹುದು. ವೆಂಟಿಲೇಟರಿನಲ್ಲಿ ಕೆಲವು ದಿನ ಕಾಪಾಡಿಕೊಂಡರೆ ಇವರು ಎದ್ದು ಮನೆಗೆ ನಡೆದುಹೋಗುತ್ತಾರೆ. ನಾಗರಹಾವಿನ ವಿಷವೂ ಹೀಗೆಯೇ ಪಾರ್ಶ್ವವಾಯು ತರುತ್ತದೆ. ನಿದ್ರೆ ಮಾತ್ರೆ, ಅದರಲ್ಲೂ ಬಾರ್ಬಿಟುರೇಟ್ ಗುಂಪಿನವು, ಅತಿಯಾದಾಗಲೂ, ದೇಹ ತೀರಾ ತಣ್ಣಗಾದಾಗಲೂ, ರಕ್ತದ ಲವಣ ಮತ್ತು ಸಕ್ಕರೆಯ ಪ್ರಮಾಣ ವಿಪರೀತ ಏರುಪೇರಾದಾಗಲೂ ಇದೇ ಭ್ರಮೆ ಉಂಟಾಗಬಹುದು. ಈ ಎಲ್ಲ ಸಂದರ್ಭಗಳಲ್ಲಿ ಸಿ.ಟಿ. ಸಾಮಾನ್ಯವಾಗಿ ಸಹಜವಾಗಿಯೇ ಇರುತ್ತದೆ. ಆದ್ದರಿಂದಲೇ ‘ಕಾರಣ ತಿಳಿಯದ ಕೋಮಾದಲ್ಲಿ ಮಿದುಳಿನ ಸಾವನ್ನು ಘೋಷಿಸಕೂಡದು’ ಎಂಬುದನ್ನು ಈ ಕೆಲಸದ ಮೊದಲ ಪಾಠವಾಗಿ ಕಲಿಸುತ್ತಾರೆ. ಸಿ.ಟಿ.ಯನ್ನೂ ಬಹಳ ಬೇಗ ಮಾಡಿದರೆ ಮೋಸಹೋಗಬಹುದು ಎಂಬುದನ್ನು ಇಲ್ಲಿ ಸೇರಿಸಬೇಕು. ಹೃದಯ ನಿಂತು ಮತ್ತೆ ಚಾಲನೆಗೊಂಡವರಲ್ಲಿ ಮೊದಲ ಕೆಲವು ಗಂಟೆಗಳ ಸಿ.ಟಿ. ಸಹಜವಾಗಿ ಕಂಡು, ಊತ ಆಮೇಲೆ ಕಾಣಿಸಿಕೊಳ್ಳುತ್ತದೆ. ಅಂಥವರಲ್ಲಿ ಕನಿಷ್ಠ 24 ಗಂಟೆ ಕಾಯಬೇಕೆಂದು 2023ರ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ.

ಎರಡನೆಯ ಪಾತ್ರ ನಿಮ್ಮ ಪ್ರಶ್ನೆಯಲ್ಲಿರುವ ಇನ್ನೊಬ್ಬ ರೋಗಿಗೆ ಸಂಬಂಧಿಸಿದ್ದು. ಇದನ್ನು ತಿಳಿಯಲು ತಲೆಬುರುಡೆಯೊಳಗಿನ ಒತ್ತಡದ ಲೆಕ್ಕ ಸ್ವಲ್ಪ ಗೊತ್ತಿರಬೇಕು. ವಯಸ್ಕರ ತಲೆಬುರುಡೆ ಹಿಗ್ಗದ ಪೆಟ್ಟಿಗೆ. ಅದರೊಳಗೆ ಸುಮಾರು 1,400 ಗ್ರಾಂ ತೂಕದ ಮಿದುಳು, ಸ್ವಲ್ಪ ರಕ್ತ, ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದಿರುವ ಸ್ವಲ್ಪ ದ್ರವ ಇವಿಷ್ಟಕ್ಕೇ ಜಾಗ. ಪೆಟ್ಟಾದ ಮಿದುಳು ಊದಿಕೊಂಡಾಗ ಮೊದಲು ದ್ರವ ಹೊರಗೆ ಸರಿಯುತ್ತದೆ, ಆಮೇಲೆ ಸಿರೆಗಳ ರಕ್ತ ಹಿಂಡಿಹೋಗುತ್ತದೆ, ಅದೂ ಮುಗಿದ ಮೇಲೆ ಒಳಗಿನ ಒತ್ತಡ ಸರ್ರನೆ ಏರುತ್ತದೆ. ಮಿದುಳಿಗೆ ರಕ್ತ ನುಗ್ಗುವುದು ದೇಹದ ರಕ್ತದೊತ್ತಡ ಈ ಒಳಗಿನ ಒತ್ತಡಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟರ ಬಲದಿಂದ. ಸಾಮಾನ್ಯವಾಗಿ ಒಳಗಿನ ಒತ್ತಡ ಸುಮಾರು 7ರಿಂದ 15 ಮಿ.ಮೀ. ಪಾದರಸದಷ್ಟು, ರಕ್ತದ ಸರಾಸರಿ ಒತ್ತಡ 90ರ ಆಸುಪಾಸು. ಒಳಗಿನದು ಏರಿ ಏರಿ ರಕ್ತದೊತ್ತಡವನ್ನು ಮುಟ್ಟಿದ ಕ್ಷಣ ಈ ಅಂತರ ಸೊನ್ನೆಯಾಗುತ್ತದೆ. ಹೃದಯ ತಳ್ಳಿದ ರಕ್ತ ಕುತ್ತಿಗೆಯವರೆಗೆ ಬಂದು, ತಲೆಬುರುಡೆಯ ಬಾಗಿಲಲ್ಲಿ ತಡೆದು ನಿಲ್ಲುತ್ತದೆ. ರಕ್ತವಿಲ್ಲದೆ ಮಿದುಳಿನ ಜೀವಕೋಶಗಳು ಉಳಿಯುವುದು ನಿಮಿಷಗಳ ಲೆಕ್ಕದಲ್ಲಿ. ಹೀಗೆ ರಕ್ತ ನಿಂತದ್ದನ್ನು ಕಣ್ಣಿಗೆ ಕಾಣುವಂತೆ ಮಾಡುವುದೇ ಎರಡನೆಯ ಬಗೆಯ ಚಿತ್ರಣದ ಕೆಲಸ. ಇದನ್ನು ಪೂರಕ ಪರೀಕ್ಷೆ ಎನ್ನುತ್ತಾರೆ.

ಇವುಗಳಲ್ಲಿ ಹಳೆಯದೂ ಉಳಿದವಕ್ಕೆ ಅಳತೆಗೋಲಾಗಿರುವುದೂ ನಾಲ್ಕು ರಕ್ತನಾಳಗಳ ಆಂಜಿಯೋಗ್ರಾಂ. ತೊಡೆಸಂದಿನ ಅಪಧಮನಿಯಿಂದ ಸಪೂರ ಕೊಳವೆ ಏರಿಸಿ, ಮಿದುಳಿಗೆ ಹೋಗುವ ನಾಲ್ಕೂ ನಾಳಗಳಿಗೆ ಬಣ್ಣದ ಔಷಧಿ ಬಿಟ್ಟು ಎಕ್ಸ್-ರೇಯಲ್ಲಿ ನೋಡುತ್ತಾರೆ. ಮುಖ ಮತ್ತು ನೆತ್ತಿಯ ಚರ್ಮಕ್ಕೆ ಹೋಗುವ ಕವಲುಗಳು ಕಪ್ಪಗೆ ತುಂಬಿಕೊಂಡು ಮರದ ಕೊಂಬೆಗಳಂತೆ ಹರಡುತ್ತವೆ. ಒಳಕ್ಕೆ ಹೋಗಬೇಕಾದವು ಬುರುಡೆಯ ಬುಡದಲ್ಲೇ ಕತ್ತರಿಸಿದಂತೆ ನಿಲ್ಲುತ್ತವೆ. ಚಿತ್ರ ಅಷ್ಟು ಸ್ಪಷ್ಟವಾಗಿರುತ್ತದೆಂದರೆ ವೈದ್ಯರಲ್ಲದವರಿಗೂ ಅರ್ಥವಾಗುತ್ತದೆ. ಆದರೆ ಯಾವ ಹೊತ್ತಿಗಾದರೂ ರಕ್ತದೊತ್ತಡ ಕುಸಿಯಬಹುದಾದ ರೋಗಿಯನ್ನು ವೆಂಟಿಲೇಟರ್ ಸಮೇತ ಕ್ಯಾಥ್ ಲ್ಯಾಬಿಗೆ ಸಾಗಿಸಬೇಕು, ಅದನ್ನು ಮಾಡಬಲ್ಲ ತಜ್ಞರು ಆ ಹೊತ್ತಿಗೆ ಇರಬೇಕು. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಇದು ಸುಲಭವಲ್ಲ.

ಇನ್ನೊಂದು, ನನಗೆ ವೈಯಕ್ತಿಕವಾಗಿ ಹೆಚ್ಚು ಒಪ್ಪಿತವಾದದ್ದು, ವಿಕಿರಣಶೀಲ ಔಷಧಿ ಬಳಸುವ ನ್ಯೂಕ್ಲಿಯರ್ ಸ್ಕ್ಯಾನ್. ಎಚ್.ಎಂ.ಪಿ.ಎ.ಒ. ಎಂಬ ರಾಸಾಯನಿಕಕ್ಕೆ ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ಧಾತುವನ್ನು ಜೋಡಿಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಇದು ಕೊಬ್ಬಿನಲ್ಲಿ ಕರಗುವ ಗುಣದ್ದಾದ್ದರಿಂದ ರಕ್ತದಿಂದ ಮಿದುಳಿನೊಳಕ್ಕೆ ದಾಟಿ, ಬದುಕಿರುವ ಕೋಶಗಳೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ರಕ್ತ ತಲುಪಿತೇ ಎನ್ನುವುದರ ಜೊತೆಗೆ ಕೋಶ ಅದನ್ನು ಹಿಡಿದುಕೊಂಡಿತೇ ಎನ್ನುವುದನ್ನೂ ಗಾಮಾ ಕ್ಯಾಮೆರಾ ಹೇಳುತ್ತದೆ. ಮಿದುಳು ಸತ್ತವರ ಚಿತ್ರದಲ್ಲಿ ಮುಖ, ನೆತ್ತಿಗಳ ಅಂಚು ಹೊಳೆಯುತ್ತದೆ, ನಡುವೆ ಇರಬೇಕಾದ ಮಿದುಳಿನ ಜಾಗ ಖಾಲಿ. ವೈದ್ಯರು ಇದನ್ನು ‘ಪೊಳ್ಳು ಬುರುಡೆ’ ಎಂದೇ ಕರೆಯುತ್ತಾರೆ. ಒಳಗೆ ಹೋಗಲಾಗದ ರಕ್ತ ಮುಖದ ಕಡೆಗೆ ತಿರುಗುವುದರಿಂದ ಮೂಗಿನ ಭಾಗ ಮಾಮೂಲಿಗಿಂತ ಪ್ರಖರವಾಗಿ ಕಾಣುವುದೂ ಉಂಟು. ನಿದ್ರಾಜನಕ ಔಷಧಿಗಳು ದೇಹದಲ್ಲಿ ಉಳಿದಿದ್ದರೂ ಇದರ ಫಲಿತಾಂಶ ಕೆಡುವುದಿಲ್ಲ. ಮೂತ್ರಪಿಂಡಕ್ಕೆ ಹಾನಿ ಮಾಡಬಹುದಾದ ಅಯೋಡಿನ್ ಬಣ್ಣವೂ ಬೇಕಿಲ್ಲ. ತೊಡಕು ಒಂದೇ: ಟೆಕ್ನೀಷಿಯಂನ ಅರ್ಧಾಯುಷ್ಯ ಆರು ಗಂಟೆ, ಔಷಧಿಯನ್ನು ಕಲಸಿದ ಅರ್ಧ ಗಂಟೆಯೊಳಗೆ ಕೊಡಬೇಕು, ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವಿರುವ ದೊಡ್ಡ ಆಸ್ಪತ್ರೆಗಳಲ್ಲಷ್ಟೇ ಇದು ಸಾಧ್ಯ.

ತಲೆಬುರುಡೆಯ ಡಾಪ್ಲರ್‌ಗೆ ರೋಗಿಯನ್ನು ಹಾಸಿಗೆಯಿಂದ ಅಲುಗಿಸಬೇಕಾಗಿಲ್ಲ. ಕಣತಲೆಯ ತೆಳು ಮೂಳೆಯ ಮೇಲೂ ಕತ್ತಿನ ಹಿಂಭಾಗದಲ್ಲೂ ಅಲ್ಟ್ರಾಸೌಂಡ್ ತುದಿಯನ್ನಿಟ್ಟು ರಕ್ತದ ವೇಗವನ್ನು ಅಳೆಯುತ್ತಾರೆ. ಒತ್ತಡ ಏರಿದಂತೆ ಮೊದಲು ಹೃದಯ ಸಡಿಲಗೊಳ್ಳುವ ಹೊತ್ತಿನ ಹರಿವು ನಿಲ್ಲುತ್ತದೆ. ಆಮೇಲೆ ರಕ್ತ ಮುಂದಕ್ಕೆ ಹೋದಷ್ಟೇ ಹಿಂದಕ್ಕೆ ಬರುವ, ದಡಕ್ಕೆ ಬಡಿದು ಮರಳುವ ಅಲೆಯಂಥ ಚಿತ್ರ ಕಾಣುತ್ತದೆ. ಕೊನೆಗೆ ಬರೀ ಸಣ್ಣ ಮೊನೆಗಳು ಉಳಿಯುತ್ತವೆ. ಸುಮಾರು ಹತ್ತರಲ್ಲೊಬ್ಬರಿಗೆ ಕಣತಲೆಯ ಮೂಳೆ ದಪ್ಪವಾಗಿದ್ದು ಶಬ್ದದ ಅಲೆ ಒಳಗೇ ಹೋಗುವುದಿಲ್ಲ. ಅಂಥಲ್ಲಿ ‘ಏನೂ ಕಾಣಲಿಲ್ಲ’ ಎಂಬುದನ್ನು ‘ರಕ್ತವಿಲ್ಲ’ ಎಂದು ಓದಿಬಿಟ್ಟರೆ ಭಾರೀ ತಪ್ಪಾಗುತ್ತದೆ.

ಇನ್ನು ಸಿ.ಟಿ. ಆಂಜಿಯೋಗ್ರಾಂ. ನೀವು ವರ್ಣಿಸಿರುವ ಬಣ್ಣದ ಔಷಧಿಯ ಸ್ಕ್ಯಾನ್ ಬಹುಶಃ ಇದೇ. ಸಿ.ಟಿ. ಯಂತ್ರ ಎಲ್ಲೆಡೆ ಇರುವುದರಿಂದ ಇದು ಎಲ್ಲರಿಗೂ ಆಕರ್ಷಕ. ಫ್ರಾನ್ಸಿನ ವೈದ್ಯರು ಇದನ್ನು ಓದಲು ಸರಳ ಅಂಕಪದ್ಧತಿಯೊಂದನ್ನು ರೂಪಿಸಿದ್ದಾರೆ: ಎರಡೂ ಬದಿಯ ಮಧ್ಯ ಮಿದುಳು ಅಪಧಮನಿಯ ತುದಿಕವಲುಗಳು ಮತ್ತು ಮಿದುಳಿನ ಆಳದ ಎರಡು ಸಿರೆಗಳು, ಈ ನಾಲ್ಕೂ ಬಣ್ಣ ತುಂಬಿಕೊಳ್ಳದಿದ್ದರೆ ರಕ್ತ ಸಂಚಾರ ನಿಂತಿದೆ ಎಂದರ್ಥ. ಆದರೆ ಇದರ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ನಿಂತ ನೀರಿಗೆ ಬಣ್ಣ ಹನಿಸಿದರೆ ಅದು ನಿಧಾನವಾಗಿ ಹರಡುವಂತೆ, ಸಂಚಾರ ನಿಂತ ನಾಳದ ಬುಡಕ್ಕೂ ಬಣ್ಣ ಸ್ವಲ್ಪ ಜಿನುಗಬಹುದು. ಅದನ್ನು ಹರಿವು ಎನ್ನಬೇಕೋ ಬೇಡವೋ ಎಂಬ ಜಿಜ್ಞಾಸೆ ತಪ್ಪುವುದಿಲ್ಲ. 2023ರ ಅಮೆರಿಕದ ಮಾರ್ಗಸೂಚಿ ಸಾಂಪ್ರದಾಯಿಕ ಆಂಜಿಯೋಗ್ರಾಂ, ನ್ಯೂಕ್ಲಿಯರ್ ಸ್ಕ್ಯಾನ್ ಮತ್ತು ವಯಸ್ಕರಲ್ಲಿ ಡಾಪ್ಲರ್ ಇವನ್ನು ಒಪ್ಪಿ, ಸಿ.ಟಿ. ಆಂಜಿಯೋಗ್ರಾಂ ಮತ್ತು ಎಂ.ಆರ್. ಆಂಜಿಯೋಗ್ರಾಂಗಳನ್ನು ಹೊರಗಿಟ್ಟಿದೆ. ಫ್ರಾನ್ಸಿನ 1996ರ ಶಾಸನದಲ್ಲಾದರೋ ದೈಹಿಕ ಪರೀಕ್ಷೆಯ ಜೊತೆಗೆ ನಾಲ್ಕು ಗಂಟೆ ಅಂತರದ ಎರಡು ಇ.ಇ.ಜಿ. (ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ) ಅಥವಾ ಆಂಜಿಯೋಗ್ರಾಂ ಕಡ್ಡಾಯ. ಒಂದೇ ಸ್ಥಿತಿಗೆ ದೇಶದಿಂದ ದೇಶಕ್ಕೆ ಪುರಾವೆಯ ನಿಯಮ ಬೇರೆಯಾಗುವುದು ಓದುಗರಿಗೆ ವಿಚಿತ್ರವೆನಿಸಬಹುದು, ನನಗೂ ಅದು ಪೂರ್ತಿ ಸಮಾಧಾನ ತರುವ ಸಂಗತಿಯಲ್ಲ. ಆದರೆ ಎಲ್ಲಿಯೂ ದೈಹಿಕ ಪರೀಕ್ಷೆಯನ್ನು ಬಿಟ್ಟು ಸ್ಕ್ಯಾನನ್ನು ಮಾತ್ರ ನೆಚ್ಚಿಕೊಂಡಿಲ್ಲ ಎಂಬುದನ್ನು ಗಮನಿಸಿ.

ಹಾಗಾದರೆ ಪಕ್ಕದ ರೋಗಿಗೆ ಏಕೆ ಮಾಡಿದರು? ಅವರ ಕಡತವನ್ನು ನಾನು ನೋಡಿಲ್ಲ. ಸಾಮಾನ್ಯವಾಗಿ ಯಾವಾಗ ಮಾಡುತ್ತಾರೆಂದು ಮಾತ್ರ ಹೇಳಬಲ್ಲೆ. ಮುಖ ಜಜ್ಜಿಹೋಗಿ ಕಣ್ಣು ಬಾತುಕೊಂಡಿದ್ದರೆ ಪಾಪೆಯನ್ನು ಪರೀಕ್ಷಿಸಲಾಗದು. ಕುತ್ತಿಗೆಯ ಮೂಳೆ ಮುರಿದಿದ್ದರೆ ತಲೆ ತಿರುಗಿಸಲಾಗದು. ಮೇಲಿನ ಬೆನ್ನುಹುರಿಗೇ ಪೆಟ್ಟಾಗಿದ್ದರೆ ಉಸಿರು ಬಾರದೆ ಇರುವುದಕ್ಕೆ ಮಿದುಳೇ ಕಾರಣವೆನ್ನಲಾಗದು. ವರ್ಷಗಟ್ಟಲೆ ಬೀಡಿ ಸೇದಿ ಶ್ವಾಸಕೋಶ ಕೆಟ್ಟವರಲ್ಲಿ ಇಂಗಾಲದ ಡೈಆಕ್ಸೈಡ್ ಮೊದಲಿನಿಂದಲೇ ಹೆಚ್ಚಿರುವುದರಿಂದ ಆಪ್ನಿಯಾ ಪರೀಕ್ಷೆಯ ಅಂಕಿಗಳನ್ನು ನಂಬುವುದು ಕಷ್ಟ. ಕೆಲವರಲ್ಲಿ ವೆಂಟಿಲೇಟರ್ ಬಿಡಿಸಿದ ಎರಡು ನಿಮಿಷಕ್ಕೇ ಆಮ್ಲಜನಕ ಇಳಿದು, ರಕ್ತದೊತ್ತಡ ಕುಸಿದು, ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಗುತ್ತದೆ. ಮಿದುಳಿನ ಒತ್ತಡ ತಗ್ಗಿಸಲು ಬಾರ್ಬಿಟುರೇಟ್ ಕೊಟ್ಟಿದ್ದರೆ ಅದು ದೇಹದಿಂದ ಇಳಿಯಲು ದಿನಗಳೇ ಬೇಕು. ಇಂಥ ಯಾವುದೋ ಒಂದು ಅಡ್ಡಿ ಆ ರೋಗಿಗೆ ಇದ್ದಿರಬೇಕು. ನಿಮ್ಮ ತಮ್ಮನಿಗೆ ಎರಡೂ ಬಾರಿ ಪರೀಕ್ಷೆ ಪೂರ್ತಿಯಾಗಿ ನಡೆದಿದ್ದರೆ, ಪೂರಕ ಪರೀಕ್ಷೆಗೆ ತುಂಬಬೇಕಾದ ಕೊರತೆಯೇ ಅಲ್ಲಿರಲಿಲ್ಲ.

ಕೊರತೆ ಇಲ್ಲದಿದ್ದರೂ ಮಾಡಿದ್ದರೆ ನಷ್ಟವೇನಿತ್ತು ಎಂದು ನೀವು ಕೇಳಬಹುದು. ನಷ್ಟವಿದೆ. ಹರಿವು ಬೇರೆ, ಕಾರ್ಯ ಬೇರೆ. ಮಿದುಳು ಕಾಂಡದಲ್ಲೇ ರಕ್ತಸ್ರಾವವಾಗಿ ಅದು ಮಾತ್ರ ಸತ್ತವರಲ್ಲಿ, ಮೇಲಿನ ದೊಡ್ಡ ಮಿದುಳಿಗೆ ಕೆಲಕಾಲ ರಕ್ತ ಹೋಗುತ್ತಲೇ ಇರುತ್ತದೆ; ಸ್ಕ್ಯಾನ್ ‘ಹರಿವಿದೆ’ ಎನ್ನುತ್ತದೆ, ನಮ್ಮ ಕಾಯಿದೆಯ ಪ್ರಕಾರ ಆ ವ್ಯಕ್ತಿ ತೀರಿಕೊಂಡಿರುತ್ತಾರೆ. ಊತ ತಗ್ಗಿಸಲು ಬುರುಡೆಯ ಒಂದು ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದಿದ್ದರೆ, ದ್ರವ ಹೊರಹೋಗಲು ನಳಿಕೆ ಇಟ್ಟಿದ್ದರೆ, ಅಥವಾ ನೆತ್ತಿ ಇನ್ನೂ ಕೂಡದ ಕೂಸಾಗಿದ್ದರೆ ಪೆಟ್ಟಿಗೆಗೆ ಬಾಯಿ ತೆರೆದಂತಾಗಿ ಒತ್ತಡ ಪೂರ್ತಿ ಏರುವುದಿಲ್ಲ, ಸತ್ತ ಮಿದುಳಿನ ಮೂಲಕವೂ ತುಸು ರಕ್ತ ಹಾಯಬಹುದು. ಆಗ ಕುಟುಂಬದವರ ಕೈಗೆ ಸಿಗುವುದು ಭರವಸೆಯಂತೆ ಕಾಣುವ, ಆದರೆ ಭರವಸೆಯಲ್ಲದ ಒಂದು ವರದಿ. ಅದರ ವಿರುದ್ಧವೂ ಆಗಬಹುದು: ಸ್ಕ್ಯಾನ್ ಕೋಣೆಯಲ್ಲಿ ರಕ್ತದೊತ್ತಡ ತೀರಾ ಇಳಿದಿದ್ದರೆ, ಸಂಚಾರ ನಿಜವಾಗಿ ನಿಲ್ಲದ ಮಿದುಳಿನಲ್ಲೂ ಬಣ್ಣ ಕಾಣದೆ ಹೋದೀತು. ಇದು ಮೊದಲನೆಯದಕ್ಕಿಂತ ಅಪಾಯದ್ದು. ಆದ್ದರಿಂದಲೇ ಪೂರಕ ಪರೀಕ್ಷೆ ಮಾಡುವಾಗ ರಕ್ತದೊತ್ತಡ ಎಷ್ಟಿತ್ತೆಂದು ವರದಿಯಲ್ಲಿ ದಾಖಲಿಸುವುದು ಒಳ್ಳೆಯ ಪದ್ಧತಿ.

ನೀವು ಹೆಸರಿಸಿ ಕೇಳಿದ ಎಂ.ಆರ್.ಐ. ಈ ಪಟ್ಟಿಯಲ್ಲಿ ಕೊನೆಯ ಸ್ಥಾನದಲ್ಲಿದೆ. ಮಿದುಳಿನ ಸೂಕ್ಷ್ಮ ವಿವರಗಳನ್ನು ತೋರಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆಮ್ಲಜನಕದ ಕೊರತೆಯಿಂದಾದ ಹಾನಿಯನ್ನು ಸಿ.ಟಿ.ಗಿಂತ ಬೇಗ ಗುರುತಿಸುತ್ತದೆ. ಆದರೆ ಬಲವಾದ ಅಯಸ್ಕಾಂತದ ಕೋಣೆಗೆ ಸಾಮಾನ್ಯ ವೆಂಟಿಲೇಟರನ್ನಾಗಲಿ ಔಷಧಿ ಹರಿಸುವ ಪಂಪುಗಳನ್ನಾಗಲಿ ಒಯ್ಯುವಂತಿಲ್ಲ, ರೋಗಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಕೊಳವೆಯೊಳಗಿರಬೇಕು, ಅಲ್ಲಿ ಹೃದಯ ನಿಂತರೆ ಕೂಡಲೇ ಚಿಕಿತ್ಸೆ ಕೊಡುವುದು ದುಸ್ತರ. ಇಷ್ಟೆಲ್ಲ ಮಾಡಿ ಪಡೆದ ಚಿತ್ರವೂ ಹಾನಿಯ ವಿಸ್ತಾರವನ್ನು ಹೇಳೀತೇ ಹೊರತು ಕಾಂಡದ ಕಾರ್ಯ ನಿಂತಿದೆಯೆಂದು ಹೇಳಲಾರದು. ವೈದ್ಯರು ಬೇಡವೆಂದದ್ದು ಸರಿಯೇ; ಏಕೆ ಬೇಡವೆಂಬುದನ್ನು ಕುಳಿತು ವಿವರಿಸಲಿಲ್ಲವೆಂದಾದರೆ ಅದು ಮಾತ್ರ ಕೊರತೆ. ಅಂಥ ಹೊತ್ತಿನಲ್ಲಿ ಕುಟುಂಬದವರು ಬಯಸಿದರೆ, ಮೊದಲ ದಿನದ ಸಿ.ಟಿ. ಚಿತ್ರವನ್ನು ಪರದೆಯ ಮೇಲೆ ತೋರಿಸಿ, ಎರಡನೆಯ ಆಪ್ನಿಯಾ ಪರೀಕ್ಷೆಯ ಹೊತ್ತಿಗೆ ಒಬ್ಬರನ್ನು ಹಾಸಿಗೆಯ ಬಳಿ ನಿಲ್ಲಿಸಿಕೊಳ್ಳುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಎದೆ ಏಳದೆ ಇರುವುದನ್ನು ಹತ್ತು ನಿಮಿಷ ಕಣ್ಣಾರೆ ನೋಡುವುದು ಕಠಿಣ. ಆದರೆ ಹಾಗೆ ನೋಡಿದವರು ಆಮೇಲೆ ಸ್ಕ್ಯಾನ್ ಕೇಳಿದ್ದು ನನಗೆ ನೆನಪಿಲ್ಲ.

ಈಗ ನಿಮ್ಮ ತಾಯಿಯ ಮಾತಿಗೆ ಬರುತ್ತೇನೆ. ಕೈ ಬೆಚ್ಚಗಿದ್ದದ್ದು ನಿಜ. ಹೃದಯಕ್ಕೆ ತನ್ನದೇ ಬಡಿತದ ಕೇಂದ್ರವಿದೆ; ವೆಂಟಿಲೇಟರ್ ಆಮ್ಲಜನಕ ಒದಗಿಸುತ್ತಿರುವಷ್ಟು ಕಾಲ ಅದು ಮಿದುಳಿನ ಅಪ್ಪಣೆಗೆ ಕಾಯದೆ ಬಡಿಯುತ್ತದೆ, ರಕ್ತ ಬೆರಳ ತುದಿಗೂ ಹೋಗುತ್ತದೆ. ಬೆರಳು ಅಲ್ಲಾಡಿದ್ದೂ ನಿಜವಿರಬಹುದು. ಬೆನ್ನುಹುರಿಗೆ ರಕ್ತ ಕುತ್ತಿಗೆಯ ನಾಳಗಳಿಂದ ಮಾತ್ರವಲ್ಲದೆ ಮಹಾಪಧಮನಿಯ ಕವಲುಗಳಿಂದಲೂ ಬರುತ್ತದೆ. ತಲೆಬುರುಡೆಯೊಳಗಿನ ಒತ್ತಡ ಅದನ್ನು ಮುಟ್ಟುವುದಿಲ್ಲವಾಗಿ ಬೆನ್ನುಹುರಿ ಬದುಕಿರುತ್ತದೆ. ಮೇಲಿನ ಹಿಡಿತ ತಪ್ಪಿದ ಬೆನ್ನುಹುರಿ ತನ್ನಷ್ಟಕ್ಕೆ ಬೆರಳನ್ನು, ಕಾಲ್ಬೆರಳನ್ನು, ಕೆಲವೊಮ್ಮೆ ಇಡೀ ತೋಳನ್ನೂ ಅಲ್ಲಾಡಿಸುವುದುಂಟು. ಎರಡೂ ತೋಳುಗಳು ಎದ್ದು ಎದೆಯ ಮೇಲೆ ಬಂದು ಬೀಳುವ ಚಲನೆಯನ್ನು ಕಂಡು ಅನುಭವಿ ದಾದಿಯರೇ ಬೆಚ್ಚಿದ್ದಿದೆ. ಅಮ್ಮ ಕಂಡದ್ದು ಭ್ರಮೆಯಲ್ಲ, ಆದರೆ ಆ ಚಲನೆ ತಮ್ಮನ ಮಿದುಳಿನಿಂದ ಬಂದದ್ದಲ್ಲ ಎಂದು ಅವರಿಗೆ ಹೇಳಿ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರು ಬೈಕ್ ಅಪಘಾತದ ನಂತರ ಬೆಂಗಳೂರಿನಲ್ಲಿ ಇದೇ ಸ್ಥಿತಿಯಲ್ಲಿದ್ದಾಗ, ಆಪ್ನಿಯಾ ಪರೀಕ್ಷೆ ಎಂಬ ಪದವನ್ನು ಕನ್ನಡದ ಎಷ್ಟೋ ಮನೆಗಳು ಮೊದಲ ಬಾರಿಗೆ ಕೇಳಿದವು. ‘ಉಸಿರಾಡುತ್ತಿದ್ದಾರಲ್ಲ’ ಎಂಬ ಪ್ರಶ್ನೆ ಆಗಲೂ ಎದ್ದಿತ್ತು. ಉಸಿರಾಡುತ್ತಿದ್ದದ್ದು ಯಂತ್ರ.

ಅನುಮಾನ ಪೂರ್ತಿ ಹೋಗಬೇಕಾದರೆ ಚಿಕಿತ್ಸೆಯ ದಾಖಲೆಗಳ ಪ್ರತಿಯನ್ನು ಲಿಖಿತವಾಗಿ ಕೇಳಿ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯಂತೆ ಕೋರಿಕೆ ಸಲ್ಲಿಸಿದ 72 ಗಂಟೆಗಳೊಳಗೆ ಅವನ್ನು ಕೊಡಬೇಕು. ಕೈಗೆ ಬಂದ ಮೇಲೆ ನೋಡಬೇಕಾದದ್ದು ಮೂರು ಹಾಳೆಗಳನ್ನು. ಒಂದು, ಮೊದಲ ಸಿ.ಟಿ.ಯ ವರದಿ: ಹಾನಿಯ ವರ್ಣನೆ ಅಲ್ಲಿರಬೇಕು. ಎರಡು, 2014ರ ನಿಯಮಗಳಲ್ಲಿ ನಮೂನೆ 10 ಎಂದಿರುವ ಮಿದುಳು ಕಾಂಡದ ಸಾವಿನ ಪ್ರಮಾಣಪತ್ರ: ನಾಲ್ವರ ಸಹಿ, ಎರಡೂ ಪರೀಕ್ಷೆಗಳ ದಿನಾಂಕ ಮತ್ತು ವೇಳೆ ಅದರಲ್ಲಿರುತ್ತವೆ. ಮೂರು, ಆಪ್ನಿಯಾ ಪರೀಕ್ಷೆಯ ಮೊದಲು ಮತ್ತು ನಂತರ ತೆಗೆದ ರಕ್ತದ ಅನಿಲಗಳ ಚೀಟಿ: ಅದರಲ್ಲಿ ಇಂಗಾಲದ ಡೈಆಕ್ಸೈಡಿನ ಎರಡು ಅಂಕಿಗಳು ಅಚ್ಚಾಗಿರುತ್ತವೆ, ಎರಡನೆಯದು 60ಕ್ಕಿಂತ ಮೇಲಿದೆಯೇ ಅಥವಾ ಮೊದಲನೆಯದಕ್ಕಿಂತ 20ರಷ್ಟು ಏರಿದೆಯೇ ನೋಡಿ. ಮರಣ ಪ್ರಮಾಣಪತ್ರದಲ್ಲಿ ನಮೂದಾಗಿರುವ ವೇಳೆ ಸಾಮಾನ್ಯವಾಗಿ ಎರಡನೆಯ ಬಾರಿಯ ಪರೀಕ್ಷೆ ಮುಗಿದ ವೇಳೆಗೆ ಹೊಂದಿಕೆಯಾಗುತ್ತದೆ. ಇವನ್ನು ನಿಮ್ಮೂರಿನ ಯಾವುದೇ ನರರೋಗ ತಜ್ಞರಿಗೆ ಅಥವಾ ಅರಿವಳಿಕೆ ತಜ್ಞರಿಗೆ ತೋರಿಸಿದರೆ ಓದಿ ಹೇಳುತ್ತಾರೆ. ಸಾಧ್ಯವಾದರೆ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ.